ಬೆನ್ನ ಹಿಂದಿನ ಸದ್ದು

ತಳೇಗಾಂವ ದಾಭಾಡೆಯ ಒಂದು ಗಿಯರ್ ಕಾರ್ಖಾನೆಯಲ್ಲಿ ಸಿದ್ರಾಮಪ್ಪ ಮೂವತ್ತೆರಡು ವರ್ಷ ತಪಾಸಣೆಯ ಕೆಲಸ ಮಾಡಿದ್ದ. ಅವನ ಮೇಜಿಗೆ ಬಂದ ಪ್ರತಿಯೊಂದು ಗಿಯರೂ ಅವನ ಪಾಲಿಗೆ ಮೊದಲು ಕಳ್ಳನೇ. ತಾನು ಕಳ್ಳನಲ್ಲವೆಂದು ಅದು ತೋರಿಸಿಕೊಟ್ಟ ಮೇಲಷ್ಟೇ ಅದರ ಮೇಲೆ ಹಸಿರು ಬಣ್ಣದ ಗುರುತು ಬೀಳುತ್ತಿತ್ತು. ನಿವೃತ್ತನಾಗಿ ಎರಡು ವರ್ಷ ಕಳೆದರೂ ಆ ಸ್ವಭಾವ ಹೋಗಿರಲಿಲ್ಲ. ಕೋಥರೂಡದ ಅವರ ವಸತಿ ಸೊಸೈಟಿಯಲ್ಲಿ ಲಿಫ್ಟ್ ರಿಪೇರಿಗೆ ಬಂದವನು ಅವನನ್ನು ಕಂಡರೆ ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದ.

ನಿವೃತ್ತನಾದ ಹೊಸದರಲ್ಲೇ ಆ ಸಂಶಯಕ್ಕೆ ಇನ್ನಷ್ಟು ಮೇವು ಸಿಕ್ಕಿತ್ತು. ಅವನ ಕಿವಿಯೊಳಗೆ ಸಣ್ಣದೊಂದು ಶಿಳ್ಳೆ ಸೇರಿಕೊಂಡಿತ್ತು. ಕುಕ್ಕರ್ ಕೂಗುವುದಕ್ಕೆ ಮೊದಲು ಸುಯ್ ಎನ್ನುತ್ತದಲ್ಲ, ಹಾಗೆ. ಆದರೆ ಕೂಗಿ ಮುಗಿಯುವುದೆಂಬುದೇ ಇಲ್ಲ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಇದು ಕಾರ್ಖಾನೆಯ ಗದ್ದಲದ ಫಲ, ಇದಕ್ಕೆ ಗುಳಿಗೆಯಿಲ್ಲ ಎಂದರು. ಜೊತೆಗೆ ಬಲಗಿವಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಮಶೀನ್ ಹಾಕಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟರು. ಶಿಳ್ಳೆಯ ವಿಷಯವನ್ನು ಅವನು ಹೆಂಡತಿ ಗೌರಾಬಾಯಿಗೆ ಹೇಳಿದ. ಚೀಟಿಯನ್ನು ಮಾತ್ರ ಹಳೆಯ ಸ್ವೆಟರಿನ ಮಡಿಕೆಯಲ್ಲಿಟ್ಟು ಕಪಾಟು ಮುಚ್ಚಿದ. ಕಿವಿಯಿಂದಲೇ ಗಿಯರಿನ ಹಲ್ಲು ಎಣಿಸುತ್ತಾನೆ ಎಂದು ಹೆಸರು ಪಡೆದವನು ಈಗ ಕಿವುಡನೆನಿಸಿಕೊಳ್ಳಬೇಕೆ?

ಹಾಗಾಗಿ ಮನೆಯ ಮಾತು ಅವನಿಗೆ ಅರ್ಧಂಬರ್ಧ ತಲುಪುತ್ತಿತ್ತು. ಗೌರಾಬಾಯಿ ಹಿಂಜವಾಡಿಯಲ್ಲಿದ್ದ ಮಗಳು ರೇಣುವಿನ ಜೊತೆ ಫೋನಿನಲ್ಲಿ ಮಾತಾಡಿದರೆ, ಬೇಕೆಂದೇ ದನಿ ತಗ್ಗಿಸುತ್ತಾಳೆ ಎನಿಸುತ್ತಿತ್ತು. ಲಿಫ್ಟಿನಲ್ಲಿ ಇಬ್ಬರು ನಕ್ಕರೆ ಅದು ತನ್ನ ಬಗೆಗೇ.

ಇಂಥ ದಿನಗಳಲ್ಲಿ ಸೊಸೈಟಿಯ ನೋಟಿಸ್ ಬೋರ್ಡಿನ ಮೇಲೆ ಒಂದು ಕಾಗದ ಬಂತು. ‘ಧ್ಯಾನ, ಮೆಲುಚಲನೆ, ನಾದ. ಸಕಲ ವ್ಯಾಧಿಗೂ ಶಮನ. ದಿನಾ ಬೆಳಿಗ್ಗೆ ಆರೂವರೆಗೆ, ತಳಮಹಡಿಯ ಹಾಲ್.’ ಮರಾಠಿಯಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ. ಕೆಳಗೆ ಸೊಸೈಟಿಯ ಕಾರ್ಯದರ್ಶಿ ಬಿಂದುಮಾಧವನ ಸಹಿ. ‘ಸಕಲ ವ್ಯಾಧಿಗೂ’ ಎಂಬಲ್ಲಿ ಸಿದ್ರಾಮಪ್ಪನ ಕಣ್ಣು ನಿಂತುಬಿಟ್ಟಿತು.

ಗೌರಾಬಾಯಿ ಮೊದಲ ದಿನವೇ ಹೋದಳು. ಹಿಂದಿನ ವರ್ಷ ಬೆನ್ನಿಗೆ ಬಿದ್ದ ತಂಗಿ ತೀರಿಕೊಂಡಾಗಿನಿಂದ ಅವಳಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಒಲೆಯ ಮೇಲೆ ರೊಟ್ಟಿ ಬಿಟ್ಟು ಹೋಗಿ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದಳು. ಮೂರು ವಾರ ಕಳೆಯುವಷ್ಟರಲ್ಲಿ ಆ ನಿಲ್ಲುವುದು ಕಡಿಮೆಯಾಯಿತು. ಮುಖದಲ್ಲಿ ಒಂಥರಾ ತಿಳಿ. ಬೇರೆ ಗಂಡನಾಗಿದ್ದರೆ ಸಮಾಧಾನಪಡುತ್ತಿದ್ದ. ಸಿದ್ರಾಮಪ್ಪನಿಗೆ ಅದೇ ಚುಚ್ಚಿತು. ವರ್ಷವಿಡೀ ಇಳಿಯದ್ದು ಮೂರು ವಾರದಲ್ಲಿ ಹೇಗೆ ಇಳಿಯಿತು?

“ಅಲ್ಲಿ ಏನ್ ಮಾಡಸ್ತಾಳ ಆ ಕಲಸೂ ಹೆಣ್ಮಗಳು?” ಎಂದು ಕೇಳಿದ.

“ಕೈ ಸಾವಕಾಶ ಮ್ಯಾಲೆ ಎತ್ತೂದು, ಇಳಸೂದು. ಆಮ್ಯಾಲೆ ಕಣ್ಣು ಮುಚ್ಚಿ ಕೂಡೂದು. ಅವರು ಕಂಚಿನ ಬಟ್ಟಲಾ ಬಾರಸ್ತಾರ್ರಿ.”

“ಅಷ್ಟ?”

“ಅಷ್ಟ. ನಾಳಿ ಬರ್ರಿ ಬೇಕಂದ್ರ. ನಿಮ್ಮ ಕಿವಿ ಶಿಳ್ಳಿಗೂ ಆಗಬಹುದು.”

ಶಿಳ್ಳೆಗಾಗಿ ಅಲ್ಲ, ತಪಾಸಣೆಗಾಗಿ ಅವನು ಹೋದ.

ಹಾಲಿನಲ್ಲಿ ಇಪ್ಪತ್ತಮೂರು ಜನ ಜಮಖಾನದ ಮೇಲೆ ಕೂತಿದ್ದರು. ಎದುರಿಗೆ ಗೋಡೆಗೆ ಬೆನ್ನು ಕೊಟ್ಟು ಐವತ್ತೈದರ ಆಸುಪಾಸಿನ ಹೆಂಗಸು, ಪಂಕಜಾಕ್ಷಿ. ಕರಾವಳಿಯ ಕಡೆಯವಳು, ಕರ್ವೆ ರಸ್ತೆಯಲ್ಲಿ ಅಣ್ಣನ ಹೋಟೆಲಿದೆ ಎಂದು ಗೌರಾಬಾಯಿ ಹೇಳಿದ್ದಳು. ಹತ್ತಿ ಸೀರೆ, ಬಿಗಿಯಾಗಿ ಕಟ್ಟಿದ ಕೂದಲು. ಮುಂದೆ ಐದು ಕಂಚಿನ ಬಟ್ಟಲು, ಒಂದು ಮರದ ಕೊಡತಿ. ದನಿ ಬೇಕಾದ್ದಕ್ಕಿಂತ ತುಸು ಗಟ್ಟಿ.

ಸಿದ್ರಾಮಪ್ಪ ಎಲ್ಲ ಕಾಣುವಂತೆ ಕಿಟಕಿಗೆ ಬೆನ್ನು ಹಾಕಿ ಕೂತ. ಪಂಕಜಾಕ್ಷಿ ಕೂಡಲೇ ಕೈ ಎತ್ತಿದಳು.

“ಅಲ್ಲಿ ಬೇಡ. ಈ ಕಡೆ ಬನ್ನಿ. ಮುಖಕ್ಕೆ ಬೆಳಕು ಬೀಳಬೇಕು.”

“ಕಣ್ಣು ಮುಚ್ಚೂದಕ್ಕ ಬೆಳಕ್ಯಾಕ?” ಎಂದು ಅವನು ಪೊದೆಮೀಸೆಯೊಳಗಿಂದಲೇ ಕೇಳಿದ.

ಆಕೆ ಮುಗುಳ್ನಕ್ಕು ಪಕ್ಕದ ಜಾಗ ತೋರಿಸಿದಳು. ಅವನು ಎದ್ದು ಹೋಗಿ ಕೂತ. ಪ್ರಶ್ನೆಗೆ ನಗುವೇ ಉತ್ತರ ಎನ್ನುವವರನ್ನು ಅವನು ಕಾರ್ಖಾನೆಯಲ್ಲಿ ಬೇಕಾದಷ್ಟು ಕಂಡಿದ್ದ. ಬಿರುಕು ಬಿಟ್ಟ ಮಾಲು ತಂದವರೆಲ್ಲ ಹಾಗೆಯೇ ನಗುತ್ತಿದ್ದರು.

ಚಲನೆ ಶುರುವಾಯಿತು. ಉಸಿರು ಎಳೆದುಕೊಳ್ಳುತ್ತ ಕೈ ಮೇಲೆ, ಬಿಡುತ್ತ ಕೆಳಗೆ, ಎಲೆ ನೀರಿನ ಮೇಲಿಳಿದಷ್ಟು ನಿಧಾನ. ಎಲ್ಲರೂ ಮಾಡಿದರು. ಸಿದ್ರಾಮಪ್ಪ ಒಂದು ಕಣ್ಣು ಅರ್ಧ ತೆರೆದುಕೊಂಡೇ ಮಾಡಿದ. ಆಮೇಲೆ ಬಟ್ಟಲುಗಳ ಸದ್ದು ಎದ್ದಿತು. ಒಂದು ಮುಗಿಯುವ ಮೊದಲೇ ಇನ್ನೊಂದು, ಹಾಲ್ ತುಂಬಿ ಹರಡಿತು. ಅವನಿಗೆ ಮಾತ್ರ ಅದರ ಅಡಿಯಲ್ಲಿ ತನ್ನ ಶಿಳ್ಳೆಯೇ ಇನ್ನಷ್ಟು ಜೋರಾಗಿ ಕೇಳಿತು.

ಕೊನೆಗೆ ಪಂಕಜಾಕ್ಷಿ ಎಲ್ಲರಿಗೂ ಸಣ್ಣ ಸಣ್ಣ ಚೀಟಿ ಹಂಚಿದಳು. “ಏನಾದರೂ ಕೇಳಲಿಕ್ಕೆ ಉಂಟಾದರೆ, ಹೇಳಲಿಕ್ಕೆ ಉಂಟಾದರೆ ಬರೆದು ಕೊಡಿ. ಬಾಯಲ್ಲಿ ಬೇಡ. ನಾಳೆ ಒಬ್ಬೊಬ್ಬರಿಗೂ ಹೇಳುತ್ತೇನೆ.”

ಹೆಂಗಸರು ತಲೆ ತಗ್ಗಿಸಿ ಸಾಲುಸಾಲಾಗಿ ಬರೆದದ್ದನ್ನು ನೋಡಿ ಸಿದ್ರಾಮಪ್ಪ ಒಳಗೊಳಗೇ ಲೆಕ್ಕ ಹಾಕಿದ. ಮನೆಯ ದುಃಖ, ಸೊಸೆಯ ಕಾಟ, ಮಗನ ಕುಡಿತ, ಎಲ್ಲ ಸ್ವಂತ ಕೈಬರಹದಲ್ಲಿ ಈಕೆಯ ಕೈಸೇರುತ್ತಿದೆ. ನಾಳೆ ಅದನ್ನೇ ತಿರುಗಿಸಿ ಹೇಳಿದರೆ ‘ಅಯ್ಯೋ, ನಮ್ಮ ಮನಸ್ಸು ತಿಳಿದುಕೊಂಡರು’ ಎಂದು ಕಾಲಿಗೆ ಬೀಳುತ್ತಾರೆ.

ಅಂದಿನಿಂದ ಅವನು ಒಂದು ದಿನವೂ ತಪ್ಪಿಸಲಿಲ್ಲ. ಗೌರಾಬಾಯಿ ಸಂತೋಷಪಟ್ಟಳು, ಪಾಪ.

ಅವನು ಒಂದೊಂದನ್ನೇ ಗಮನಿಸಿದ. ಈಕೆ ಯಾರ ಫೋನನ್ನೂ ಎತ್ತುವುದಿಲ್ಲ, ಮೆಸೇಜ್ ಮಾತ್ರ. ಬಾಗಿಲಿಗೆ ಎಂದೂ ಬೆನ್ನು ಹಾಕುವುದಿಲ್ಲ. ಬಟ್ಟಲು ಬಾರಿಸುವಾಗ ಎಡಗೈಯ ಬೆರಳುಗಳನ್ನು ಅದರ ಬುಡಕ್ಕೆ ಒತ್ತಿಕೊಂಡಿರುತ್ತಾಳೆ, ಏನನ್ನೋ ಮುಚ್ಚಿಡುವವಳಂತೆ. ಮಿಕ್ಕವರು ಬಾಯಲ್ಲಿ ಏನಾದರೂ ಕೇಳಿದರೆ ಒಮ್ಮೊಮ್ಮೆ ಸರಿಯಾಗಿ ಉತ್ತರಿಸುತ್ತಾಳೆ. ತಾನು ಕೇಳಿದರೆ ಮಾತ್ರ ಪ್ರತಿ ಸಲವೂ ಅದೇ ನಗು, ಅದೇ ಚೀಟಿ.

ಒಂದು ಸೋಮವಾರ ಕ್ಲಾಸು ಮುಗಿಸಿ ಆಕೆ ಗೇಟಿನ ಕಡೆ ನಡೆಯುತ್ತಿದ್ದಳು. ಸಿದ್ರಾಮಪ್ಪ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿದ್ದ. “ಮೇಡಮ್” ಎಂದು ಕೂಗಿದ. ತಿರುಗಲಿಲ್ಲ. ಇನ್ನೂ ಜೋರಾಗಿ “ಪಂಕಜಾಕ್ಷಿಯವರೇ” ಎಂದ. ಇಲ್ಲ. ಅಷ್ಟರಲ್ಲಿ ಒಳಗಿನಿಂದ ಬಂದ ಸ್ಕೂಟರ್ ಆಕೆಯ ಬೆನ್ನಿಗೇ ನಿಂತು ಮೂರು ಸಲ ಹಾರ್ನ್ ಹೊಡೆಯಿತು. ಆಕೆ ಇದ್ದ ದಾರಿಯಲ್ಲೇ ನಡೆದಳು. ಸ್ಕೂಟರಿನವನು ಬೈದುಕೊಂಡು ಸುತ್ತುಹಾಕಿ ಹೋದ. ಪಕ್ಕಕ್ಕೆ ಬಂದ ಸ್ಕೂಟರ್ ಕಣ್ಣಿಗೆ ಬಿದ್ದ ಮೇಲೆಯೇ ಪಂಕಜಾಕ್ಷಿ ಬೆಚ್ಚಿ ಸರಿದದ್ದು.

ಸಿದ್ರಾಮಪ್ಪ ಅಲ್ಲೇ ನಿಂತ. ಬಿರುಕು ಸಿಕ್ಕಿತು ಎನಿಸಿದಾಗ ಕಾರ್ಖಾನೆಯಲ್ಲಿ ಅವನ ಬೆರಳ ತುದಿ ತಣ್ಣಗಾಗುತ್ತಿತ್ತು. ಈಗಲೂ ಆಯಿತು.

ಮನೆಗೆ ಬಂದು ಗೌರಾಬಾಯಿಗೆ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರ ಎದುರು ತೋರಿಸಬೇಕು, ಪುರಾವೆಯಿಲ್ಲದೆ ಯಾರೂ ನಂಬುವುದಿಲ್ಲ ಎಂದು ತನಗೆ ತಾನೇ ಸಮರ್ಥಿಸಿಕೊಂಡ.

ಮರುದಿನ ಹಾಲಿನ ಅಡುಗೆಕೋಣೆಯಿಂದ ಹಿಟ್ಟು ಕಲಸುವ ದೊಡ್ಡದೊಂದು ಸ್ಟೀಲಿನ ಪರಾತ ಮತ್ತು ಸೌಟು ತೆಗೆದು ಬಾಗಿಲ ಮರೆಯಲ್ಲಿಟ್ಟುಕೊಂಡ. ಬಟ್ಟಲುಗಳ ಸದ್ದು ಅಡಗಿ ಮೌನದ ಹತ್ತು ನಿಮಿಷ ಶುರುವಾಯಿತು. ಎಲ್ಲರ ಕಣ್ಣು ಮುಚ್ಚಿದ್ದವು, ಪಂಕಜಾಕ್ಷಿಯದೂ. ಅವನು ಬರಿಗಾಲಿನಲ್ಲಿ ಎದ್ದು ಗೋಡೆಗುಂಟ ನಡೆದು ಆಕೆಯ ಬೆನ್ನಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತ. ಪರಾತವನ್ನು ಗಾಳಿಯಲ್ಲಿ ಎತ್ತಿ ಹಿಡಿದು ಸೌಟಿನಿಂದ ಶಕ್ತಿಯಿದ್ದಷ್ಟು ಬಾರಿಸಿದ.

ಢಣ್!

ಇಪ್ಪತ್ತೆರಡು ಜನ ಕೂತಲ್ಲೇ ಹಾರಿಬಿದ್ದರು. ಮೂರನೇ ಮಹಡಿಯ ಮರಾಠಿ ಆಜಿ “ಅರೇ ದೇವಾ, ಕಾಯ್ ಝಾಲಂ?” ಎಂದು ಚೀರಿ ಎದೆ ಹಿಡಿದುಕೊಂಡಳು. ಯಾರದೋ ನೀರಿನ ಬಾಟಲಿ ಉರುಳಿತು. ಗೌರಾಬಾಯಿ ಗಂಡನನ್ನು ಬಾಯಿ ತೆರೆದು ನೋಡಿದಳು.

ಪಂಕಜಾಕ್ಷಿ ಒಬ್ಬಳೇ ಕಣ್ಣು ಮುಚ್ಚಿ, ಅಂಗೈ ಮಂಡಿಯ ಮೇಲಿಟ್ಟು, ಅಲುಗಾಡದೆ ಕೂತಿದ್ದಳು. ಅವಳ ರೆಪ್ಪೆಯೂ ಅದುರಲಿಲ್ಲ.

“ನೋಡ್ರಿ!” ಎಂದ ಸಿದ್ರಾಮಪ್ಪ. “ನಾದಾ ಕಲಸಾಕ ಬಂದಾಳ, ಅಕಿಗೇ ಕಿವಿ ಕೇಳಸೂದಿಲ್ಲ! ಪೂರಾ ಕಿವುಡಿ ಅದಾಳ!”

ಎದುರಿನವರು ಎದ್ದ ರಭಸಕ್ಕೆ ಜಮಖಾನ ಜಗ್ಗಿತು. ಆಗ ಪಂಕಜಾಕ್ಷಿ ಕಣ್ಣು ತೆರೆದಳು. ಎಲ್ಲರೂ ತನ್ನ ತಲೆಯ ಮೇಲೆ ಎಲ್ಲಿಗೋ ನೋಡುತ್ತಿದ್ದಾರೆ. ಹಿಂತಿರುಗಿದಳು. ಪರಾತ ಕಂಡಳು, ಸೌಟು ಕಂಡಳು. ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಂದೂ ಮಾತಾಡದೆ ಬಟ್ಟಲುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಕೊನೆಯದನ್ನು ಸುತ್ತುವಾಗ ಎರಡು ಸಲವೂ ಗಂಟು ಜಾರಿತು. ಗೌರಾಬಾಯಿ ಹೋಗಿ ಕಟ್ಟಿಕೊಟ್ಟಳು.

ಕ್ಲಾಸು ಅಂದೇ ನಿಂತಿತು. ಬಿಂದುಮಾಧವ ನೋಟಿಸು ಕಿತ್ತುಹಾಕಿ, “ಛಲೋ ಹಿಡದ್ರಿ ನೋಡ್ರಿ ಸಿದ್ರಾಮಪ್ಪ. ನಮಗೆಲ್ಲಾ ಮೋಸ ಆಗ್ತಿತ್ತು” ಎಂದು ಕೈಕುಲುಕಿದ. ಎರಡು ದಿನ ಸಿದ್ರಾಮಪ್ಪ ಎದೆಯುಬ್ಬಿಸಿ ಓಡಾಡಿದ. ಮೂರನೆಯ ದಿನ ಗೌರಾಬಾಯಿ ಒಲೆಯ ಮುಂದಿನಿಂದ ಎದ್ದು ಬಾಲ್ಕನಿಗೆ ಹೋಗಿ ಕಂಬಿ ಹಿಡಿದು ನಿಂತಳು. ತವೆಯ ಮೇಲೆ ರೊಟ್ಟಿ ಹೊಗೆಯಾಡಿತು. ಅವನೇ ಹೋಗಿ ಗ್ಯಾಸ್ ಆರಿಸಿದ.

“ಎದಿ ಹೊಡಕೊಳ್ಳಾಕತ್ತದೇನು?” ಎಂದು ಕೇಳಿದ.

ಅವಳು ತಿರುಗಲಿಲ್ಲ. “ಅವರು ನಮಗೇನು ಮೋಸ ಮಾಡಿದ್ರು, ಹೇಳ್ರಿ ನೋಡೂಣು. ನನ್ನ ಚೀಟಿಯೊಳಗ ನಾ ತಂಗಿ ಹೆಸರು ಬರದು ಕೊಟ್ಟಿದ್ದೆ. ಮರುದಿನ ಬಂದು ‘ನನಗೆ ಇದಕ್ಕೆ ಉತ್ತರ ಗೊತ್ತಿಲ್ಲ, ಜೊತೆಗೆ ಕೂತಿರುತ್ತೇನೆ’ ಅಂದ್ರು. ಕ್ಲಾಸ್ ಮುಗದ ಮ್ಯಾಲೆ ಅರ್ಧಾ ತಾಸು ನನ್ನ ಕೈ ಹಿಡಕೊಂಡು ಕೂತ್ರು. ಮೋಸಗಾರ್ರು ಹಂಗ ಮಾಡ್ತಾರೇನು?”

ಸಿದ್ರಾಮಪ್ಪ ಸುಟ್ಟ ರೊಟ್ಟಿಯನ್ನು ತವೆಯಿಂದ ತೆಗೆದ. ಆದರೂ ಸಂಶಯ ಸುಮ್ಮನೆ ಬಿಡುವಂಥದಲ್ಲ. ಕಿವಿಯೇ ಇಲ್ಲದವಳು ಐದು ಬಟ್ಟಲುಗಳನ್ನು ಅಷ್ಟು ಸರಿಯಾದ ಹೊತ್ತಿಗೆ ಹೇಗೆ ಬಾರಿಸುತ್ತಿದ್ದಳು? ಒಂದು ಅಡಗುವ ಹದ ನೋಡಿ ಇನ್ನೊಂದು ಹೇಗೆ ಎಬ್ಬಿಸುತ್ತಿದ್ದಳು? ಅದು ತಿಳಿಯದೆ ತಪಾಸಣೆ ಮುಗಿದಂತಲ್ಲ. ಅದನ್ನೇ ನೆಪ ಮಾಡಿಕೊಂಡು ಶನಿವಾರ ಮಧ್ಯಾಹ್ನ ಕರ್ವೆ ರಸ್ತೆಯ ಬಸ್ಸು ಹತ್ತಿದ. ಕ್ಷಮೆ ಕೇಳಲು ಹೋಗುತ್ತಿದ್ದೇನೆ ಎಂದು ಒಪ್ಪಿಕೊಳ್ಳುವಷ್ಟು ಮೆತ್ತಗಾಗಿರಲಿಲ್ಲ.

ನಾಲ್ಕು ಗಂಟೆಯ ಹೋಟೆಲು ಅರ್ಧ ಖಾಲಿ. ಗಲ್ಲಾದ ಹಿಂದೆ ಬಿಳಿ ಶರ್ಟಿನ ಎತ್ತರದ ಮುದುಕ, ಪಂಕಜಾಕ್ಷಿಯ ಅಣ್ಣ ಸಂಕಪ್ಪ. ಸಿದ್ರಾಮಪ್ಪ ತನ್ನ ಸೊಸೈಟಿಯ ಹೆಸರು ಹೇಳಿದ್ದೇ ತಡ, ಆತನ ಮುಖ ಬಿಗಿಯಿತು.

“ಓ, ಆ ತಟ್ಟೆ ಬಡಿದದ್ದು ನೀವೆಯಾ?”

“ಹೌದ್ರಿ.”

“ಇನ್ನೆಂತ ಬಡಿಯಲಿಕ್ಕೆ ಬಂದದ್ದು ಮಾರಾಯ್ರೆ? ಇಲ್ಲಿ ಪಾತ್ರೆ ಬೇಕಾದಷ್ಟು ಉಂಟು.”

ಎರಡು ಮೇಜಿನವರು ತಿರುಗಿ ನೋಡಿದರು. ಸಿದ್ರಾಮಪ್ಪ ಹಿಂತಿರುಗಿ ಹೋಗಿಬಿಡಬಹುದಿತ್ತು. ಅಷ್ಟರಲ್ಲಿ ಒಳಬಾಗಿಲಲ್ಲಿ ಪಂಕಜಾಕ್ಷಿ ಕಾಣಿಸಿಕೊಂಡಳು. ಅಣ್ಣನಿಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಇವನನ್ನು ಒಳಗೆ ಕರೆದಳು.

ಹಿಂದಿನ ಸಣ್ಣ ಕೋಣೆಯಲ್ಲಿ ಅಕ್ಕಿ ಚೀಲಗಳ ಪಕ್ಕದಲ್ಲಿ ಒಂದು ಚಾಪೆ, ಅದರ ಮೇಲೆ ಅದೇ ಬಟ್ಟಲುಗಳು. ಅವನು ಕೂತು ಬಾಯಿ ತೆರೆದ. “ಅದು, ನಾನು ಅವತ್ತು…”

ಆಕೆ ತಲೆ ಅಲ್ಲಾಡಿಸಿದಳು. “ನಿಮ್ಮ ಮಾತು ನನಗೆ ಸಿಗುವುದಿಲ್ಲ. ಬೇರೆಯವರದ್ದು ತುಟಿ ನೋಡಿ ತಿಳಿಯುತ್ತದೆ. ನಿಮ್ಮದು ಮೀಸೆ ಮುಚ್ಚಿಬಿಟ್ಟಿದೆ. ಮೊದಲ ದಿನದಿಂದಲೂ ಹಾಗೆಯೇ.”

ಸಿದ್ರಾಮಪ್ಪ ದಂಗಾದ. ಹಾಗಾದರೆ ಆ ನಗು, ಆ ಚೀಟಿ, ಮುಖಕ್ಕೆ ಬೀಳಬೇಕಾದ ಬೆಳಕು! ಪ್ರತಿಯೊಂದನ್ನೂ ತಾನು ಸರಿಯಾಗಿಯೇ ಕಂಡಿದ್ದ. ಓದಿದ್ದು ಮಾತ್ರ ತಲೆಕೆಳಗಾಗಿ. ಅವನು ಎರಡು ಬೆರಳಿನಿಂದ ಪೊದೆಮೀಸೆಯನ್ನು ಮೇಲಕ್ಕೆತ್ತಿ ಹಿಡಿದು, ಒಂದೊಂದೇ ಶಬ್ದ ಬಿಡಿಸಿ ಹೇಳಿದ: “ತಪ್ಪಾತ್ರಿ. ನನ್ನಿಂದ ಭಾಳ ದೊಡ್ಡ ತಪ್ಪಾತು.”

ಪಂಕಜಾಕ್ಷಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಲವತ್ತೊಂದನೇ ವಯಸ್ಸಲ್ಲಿ ಜ್ವರ ಬಂದು ಹೋದದ್ದು. ನರವೇ ಸತ್ತಿದೆ, ಮಶೀನೂ ಪ್ರಯೋಜನವಿಲ್ಲ. ಮೊದಲು ಭಜನೆ ಹಾಡುತ್ತಿದ್ದೆ. ಕಿವಿ ಹೋದ ಮೇಲೆ ಎರಡು ವರ್ಷ ಎಲ್ಲರ ಮೇಲೂ ಸಂಶಯ. ಅಣ್ಣ ಅತ್ತಿಗೆ ಮಾತಾಡಿಕೊಂಡರೆ ನನ್ನನ್ನು ಮನೆಯಿಂದ ಕಳಿಸುವ ಯೋಚನೆ ಮಾಡುತ್ತಿದ್ದಾರೆ ಅಂತ. ಅನ್ನ ಸಹ ಮುಟ್ಟುತ್ತಿರಲಿಲ್ಲ.” ಆಕೆ ಒಂದು ಬಟ್ಟಲನ್ನು ಮುಂದಕ್ಕೆ ಸರಿಸಿದಳು. “ಆಮೇಲೆ ಇದು ಸಿಕ್ಕಿತು. ಕೈಯಿಡಿ.”

ಅವನು ಅಂಗೈ ಇಟ್ಟ. ಆಕೆ ಕೊಡತಿಯಿಂದ ಮೆಲ್ಲಗೆ ತಟ್ಟಿದಳು. ಅಂಗೈಯಿಂದ ಮೊಣಕೈಯವರೆಗೆ ಒಂದು ನಡುಕ ಹರಿಯಿತು, ತೆಳ್ಳಗಾಗುತ್ತ ಹೋಯಿತು, ಎಲ್ಲಿ ನಿಂತಿತೆಂದು ಸ್ಪಷ್ಟವಾಗಿ ಗೊತ್ತಾಯಿತು. ಕಾರ್ಖಾನೆಯಲ್ಲಿ ಪಕ್ಕದ ಪ್ರೆಸ್ ಯಂತ್ರಗಳು ಅಬ್ಬರಿಸುವಾಗ ಅವನೂ ಗಿಯರ್ ಬಾಕ್ಸಿನ ಮೇಲೆ ಹೀಗೆಯೇ ಕೈಯಿಟ್ಟು ಬೇರಿಂಗಿನ ಆರೋಗ್ಯ ಹೇಳುತ್ತಿದ್ದನಲ್ಲ. ಐದು ಬಟ್ಟಲಿನ ಗುಟ್ಟು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಸಕಲ ವ್ಯಾಧಿ ಹೋಗ್ತಾವ ಅಂತ ಬರದಿದ್ರಲ್ಲ?” ಎಂದ, ಮೀಸೆ ಎತ್ತಿ. ಇಷ್ಟಾದರೂ ಅದನ್ನು ಕೇಳದೆ ಬಿಡಲಾಗಲಿಲ್ಲ.

“ನಾನಲ್ಲ, ಬಿಂದುಮಾಧವರು. ತೆಗೆಯಿರಿ ಅಂತ ಮೂರು ಸಲ ಮೆಸೇಜ್ ಮಾಡಿದ್ದೇನೆ.” ಆಕೆ ಫೋನು ತೆಗೆದು ತೋರಿಸಿದಳು. ಅವನು ಓದಿಯೇ ನೋಡಿದ. ಮೂರೂ ಇದ್ದವು. “ಯಾವ ರೋಗವೂ ಹೋಗುವುದಿಲ್ಲ. ರೋಗದ ಜೊತೆಗಿನ ಜಗಳ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಮತ್ತೆ, ಕಿವಿ ಕೇಳುವುದಿಲ್ಲ ಅಂತ ನಾನು ಮೊದಲೇ ಹೇಳಬೇಕಿತ್ತು. ಹೇಳಿದರೆ ಯಾರು ಬರುತ್ತಾರೆ ಅಂತ ಹೆದರಿಕೆ. ಅದು ನನ್ನ ತಪ್ಪು.” ಫೋನನ್ನು ಬದಿಗಿಟ್ಟು ಕೇಳಿದಳು: “ನಿಮ್ಮ ಬಲಗಿವಿ ಎಷ್ಟು ಹೋಗಿದೆ?”

ಸಿದ್ರಾಮಪ್ಪನ ಕೈ ಮೀಸೆಯಿಂದ ಜಾರಿತು.

“ಹೆಂಡತಿ ಬಲಗಡೆ ಕೂತು ಮಾತಾಡಿದರೆ ನೀವು ಅವರ ಬಾಯನ್ನೇ ನೋಡುತ್ತೀರಿ. ನನ್ನ ಹಾಗೆ. ಎರಡನೇ ದಿನವೇ ಗೊತ್ತಾಯಿತು.”

“ಮತ್ತ ಯಾಕ ಯಾರ ಮುಂದೂ ಹೇಳಲಿಲ್ರಿ?”

ಮೀಸೆ ಎತ್ತದೆ ಕೇಳಿದ್ದರೂ ಈ ಒಂದು ಪ್ರಶ್ನೆ ಆಕೆಗೆ ತಿಳಿಯಿತು. “ನೀವು ಹೇಳಬೇಕಾದದ್ದನ್ನು ನಾನು ಹೇಳುವುದು ಹೇಗೆ?” ಎಂದಳು.

ಅವನಿಗೆ ತಲೆಯೆತ್ತಲಾಗಲಿಲ್ಲ. ಪರಾತ ಬಾರಿಸಿದ ದಿನ ಈಕೆ ಹಿಂತಿರುಗಿ ನೋಡಿದಳಲ್ಲ, ಆಗ ಎಲ್ಲರ ಮುಂದೆ ಒಂದು ಮಾತು ಆಡಿದ್ದರೆ ಸಾಕಿತ್ತು, ಅವನ ಗುಟ್ಟೂ ಬಯಲಾಗುತ್ತಿತ್ತು.

ಮನೆಗೆ ಬಂದು ಸ್ವೆಟರಿನ ಮಡಿಕೆಯಿಂದ ಚೀಟಿ ತೆಗೆದು ಗೌರಾಬಾಯಿಯ ಕೈಗೆ ಕೊಟ್ಟ. ಅವಳು ಎರಡು ಸಲ ಓದಿದಳು.

“ಇದು ಯಾವಾಗಿಂದರಿ?”

“ಎರಡು ವರ್ಷ ಆತು.”

“ಅಂದ್ರ ನಾ ಕರದಾಗೆಲ್ಲ ನಿಮಗ ಕೇಳಸ್ತಿದ್ದಿಲ್ಲಾ? ನಾನು, ಇವರಿಗೆ ನಾ ಬ್ಯಾಡಾಗೇನಿ, ಬೇಕಂತನ ಸುಮ್ಮನ ಇರ್ತಾರ ಅಂತ ತಿಳಕೊಂಡಿದ್ದೆ.” ಚೀಟಿಯನ್ನು ಮತ್ತೆ ಮಡಿಸಿದಳು. “ರೇಣುನ ಮುಂದ ಫೋನಿನಾಗ ಅಳ್ತಿದ್ದೆ. ಎರಡು ವರ್ಷರಿ!”

ಅವಳು ಅಂದು ಅವನೊಡನೆ ಮಾತಾಡಲಿಲ್ಲ. ಮರುದಿನ ಮಾತ್ರ ತಾನೇ ಫೋನು ಮಾಡಿ ಡಾಕ್ಟರ ಬಳಿ ಸಮಯ ಗೊತ್ತುಮಾಡಿದಳು.

ಮುಂದಿನ ಭಾನುವಾರ ಸೊಸೈಟಿಯ ಸಭೆಯಲ್ಲಿ ಸಿದ್ರಾಮಪ್ಪ ಎದ್ದು ನಿಂತ. ತನ್ನ ಬಲಗಿವಿ ಕೇಳುವುದಿಲ್ಲವೆಂದು ಮೊದಲು ಹೇಳಿದ, ಆಮೇಲೆ ಪಂಕಜಾಕ್ಷಿಯವರನ್ನು ಮತ್ತೆ ಕರೆಯಬೇಕೆಂದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಈ ಸಲ ಅದು ನಿಜವಾಗಿಯೂ ಅವನ ಬಗೆಗೇ ಇತ್ತು.

ಬಿಂದುಮಾಧವ ಕನ್ನಡಕ ಸರಿಪಡಿಸಿಕೊಂಡ. “ಅಲ್ರಿ, ಅವತ್ತು ನೀವೇ ಮೋಸ ಅಂದ್ರಿ.”

“ಅಂದೆ. ಮೋಸ ಇದ್ದದ್ದು ನಿಮ್ಮ ನೋಟಿಸ್‌ದಾಗ, ಅವರ ಕಡೆ ಅಲ್ಲ. ‘ಸಕಲ ವ್ಯಾಧಿ’ ಅಂತ ಬರದಾವ್ರು ಯಾರು?”

ಬಿಂದುಮಾಧವ ಮುಂದಿದ್ದ ಕಾಗದ ತಿರುವಿ ಹಾಕಿದ. ಮೂರನೇ ಮಹಡಿಯ ಆಜಿ ಮೊದಲು ಕೈಯೆತ್ತಿದಳು, ಆಮೇಲೆ ಒಬ್ಬೊಬ್ಬರಾಗಿ ಕೆಲವರು.

ಹತ್ತು ದಿನದ ನಂತರ ಕ್ಲಾಸು ಮತ್ತೆ ಶುರುವಾದಾಗ ಹನ್ನೊಂದು ಜನ ಬಂದರು. ಉಳಿದವರು ಬರಲಿಲ್ಲ, ಆಮೇಲೂ ಬರಲಿಲ್ಲ. ಪಂಕಜಾಕ್ಷಿ ಮೊದಲು ತನ್ನ ಕಿವಿಯ ವಿಷಯ ಹೇಳಿ, ಆಮೇಲೆ ಕೈಗಳನ್ನು ಮೇಲೆತ್ತಿಸಿ, ಕೊನೆಗೆ ಎಲ್ಲರನ್ನೂ ಅಂಗಾತ ಮಲಗಿಸಿದಳು. ಸಿದ್ರಾಮಪ್ಪನಿಗೆ ಅಭ್ಯಾಸ ಬಿಡದು. ಒಂದು ಕಣ್ಣು ಅರ್ಧ ತೆರೆದೇ ಇತ್ತು. ಆಕೆ ನಡುವಿನ ದೊಡ್ಡ ಬಟ್ಟಲನ್ನು ತಂದು, ಮಲಗಿದ್ದ ಅವನ ಹೊಟ್ಟೆಯ ಮೇಲಿಟ್ಟು ತಟ್ಟಿದಳು. ನಡುಕ ಪಕ್ಕೆಲುಬುಗಳಿಗೆ ಹರಡಿತು. ಶಿಳ್ಳೆ ಇದ್ದೇ ಇತ್ತು. ಎಷ್ಟು ಹೊತ್ತು ಇರುತ್ತದೋ ನೋಡೋಣ ಎಂದು ಅದನ್ನೇ ಹಿಂಬಾಲಿಸಿದ. ಎರಡನೆಯ ಸಲ ತಟ್ಟಿದಾಗ ನಡುಕದ ತುದಿ ಎಲ್ಲಿಗೆ ಹೋಗುತ್ತದೆಂದು ಹುಡುಕಿದ. ಮೂರನೆಯದು ಬಂದದ್ದು ನೆನಪಿದೆ.

ಕಣ್ಣು ತೆರೆದಾಗ ಹಾಲ್ ಖಾಲಿಯಾಗಿತ್ತು. ಕಿಟಕಿಯಿಂದ ಬಿಸಿಲು ಬಂದಿತ್ತು. ಗೌರಾಬಾಯಿ ಇನ್ನೊಂದು ತುದಿಯಲ್ಲಿ ಜಮಖಾನ ಸುತ್ತುತ್ತಿದ್ದಳು.

“ನಿದ್ದಿ ಹತ್ತಿತ್ತೇನ್ರಿ?”

“ಇಲ್ಲ.”

“ಮತ್ತ?”

“ಗೊತ್ತಿಲ್ಲ” ಎಂದ ಸಿದ್ರಾಮಪ್ಪ. ಎದ್ದು ಜಮಖಾನದ ಈ ತುದಿ ಹಿಡಿದುಕೊಂಡ.